ದಿನನಿತ್ಯದ ಕ್ರೈಸ್ತ ಬದುಕಿನಲ್ಲಿ ಪ್ರಾರ್ಥನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಳ, ಕಯ್ಯಾರು, ಮಂಜೇಶ್ವರ, ಕುಂಬಳೆ, ಕಾಸರಗೋಡು ಪೇಟೆ ಮುಂತಾದ ಕಡೆಗಳಲ್ಲಿ ಧರ್ಮೋಪದೇಶದ ತರಗತಿ ಮುಗಿದ ಮೇಲೆ, ವಾಳೆಯ (ಧರ್ಮಕೇಂದ್ರದೊಳಗಿನ ಮನೆಗಳ ಗುಂಪಿನ) ಪ್ರಾರ್ಥನಾಕೂಟದ ಬಳಿಕ ಚಹಾ ಕುಡಿಯುವ ಹೊತ್ತಿನಲ್ಲಿ ಜನರು ಪ್ರಾರ್ಥನೆಯ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಸೇರಿಸಲಾಗಿದೆ. ಉತ್ತರಗಳು ಹೆಚ್ಚಾಗಿ ಕಥೋಲಿಕ ಪರಂಪರೆಯ ಒಳಗಿನಿಂದ ಬಂದವು. ಆದರೆ ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಪರಂಪರೆಯ ಸಭೆಗಳವರಿಗೂ ಬೇರೆ ಸಭೆಗಳವರಿಗೂ ಇವುಗಳಲ್ಲಿ ಬಹುಪಾಲು ತಮ್ಮವೇ ಪ್ರಶ್ನೆಗಳೆಂದು ಅನ್ನಿಸೀತು.

ದೇವರಿಗೆ ಎಲ್ಲವೂ ತಿಳಿದಿರುವಾಗ ನಾವು ಪ್ರಾರ್ಥನೆಯಲ್ಲಿ ಹೇಳುವುದಕ್ಕೆ ಏನು ಉಳಿದಿದೆ?

ಈ ಪ್ರಶ್ನೆಯನ್ನು ಯೇಸುಸ್ವಾಮಿಯೇ ಎತ್ತಿದ್ದಾರೆ. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ, ನೀವು ಕೇಳುವುದಕ್ಕೆ ಮೊದಲೇ ನಿಮಗೆ ಏನು ಬೇಕೆಂಬುದು ನಿಮ್ಮ ತಂದೆಗೆ ಗೊತ್ತು ಎಂದು ಹೇಳಿದ ಮರುಕ್ಷಣವೇ ಅವರು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಪ್ರಾರ್ಥನೆಯನ್ನು ಕಲಿಸುತ್ತಾರೆ. ತಂದೆಗೆ ಗೊತ್ತಿದೆ ಎಂಬುದು ಸುಮ್ಮನಿರಲು ಕಾರಣವಾಗಲಿಲ್ಲ, ಧೈರ್ಯವಾಗಿ ಬಾಯಿ ತೆರೆಯಲು ಕಾರಣವಾಯಿತು. ಹಾಗಾದರೆ ಪ್ರಾರ್ಥನೆ ದೇವರಿಗೆ ಸುದ್ದಿ ಮುಟ್ಟಿಸುವ ಕೆಲಸವಲ್ಲ.

ಯೆರಿಕೋ ಪಟ್ಟಣದ ದಾರಿಬದಿಯಲ್ಲಿ ಭಿಕ್ಷೆಗೆ ಕುಳಿತಿದ್ದ ಬಾರ್ತಿಮಾಯನನ್ನು ನೆನೆದುಕೊಳ್ಳಿ. ಅವನು ಕುರುಡನೆಂಬುದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಆದರೂ ಯೇಸು ಅವನನ್ನು ಹತ್ತಿರ ಕರೆದು, ನಾನು ನಿನಗೆ ಏನು ಮಾಡಬೇಕೆಂದು ಕೇಳುತ್ತಿ ಎಂದು ವಿಚಾರಿಸುತ್ತಾರೆ. ಗುಂಪಿನವರು ಗದರಿಸಿ ಬಾಯಿ ಮುಚ್ಚಿಸಲು ನೋಡಿದ್ದವನಿಗೆ ತನ್ನ ಅಗತ್ಯವನ್ನು ತಾನೇ ಹೇಳಿಕೊಳ್ಳುವ ಮರ್ಯಾದೆ ಅಲ್ಲಿ ಸಿಕ್ಕಿತು. ನಾವು ದೇವರ ಮುಂದೆ ಹೇಳಿಕೊಳ್ಳುವಾಗ ನಮಗೆ ಸಿಗುವುದೂ ಅದೇ. ಮನಸ್ಸಿನಲ್ಲಿ ಗೋಜಲಾಗಿ ಬಿದ್ದಿರುವ ಆಸೆ, ಭಯ, ಸಿಟ್ಟುಗಳಿಗೆ ಒಂದು ರೂಪ ಬರುತ್ತದೆ, ನಮಗೆ ನಿಜವಾಗಿ ಏನು ಬೇಕಾಗಿದೆ ಎಂಬುದು ಹಲವು ಸಲ ಹೇಳಿದ ಮೇಲೆಯೇ ನಮಗೂ ತಿಳಿಯುತ್ತದೆ.

ಪ್ರಾರ್ಥನೆಗೆ ಶಕ್ತಿಯಿದೆ ಎನ್ನುತ್ತಾರೆ. ಆ ಶಕ್ತಿ ಎಲ್ಲಿರುತ್ತದೆ?

ಉಚ್ಚಾರಣೆಯಲ್ಲಾಗಲಿ, ಧ್ವನಿಯ ಏರಿಳಿತದಲ್ಲಾಗಲಿ, ಇಷ್ಟು ಸಲ ಎಂಬ ಲೆಕ್ಕದಲ್ಲಾಗಲಿ ಇಲ್ಲ. ಶಕ್ತಿ ದೇವರದು. ಪ್ರಾರ್ಥಿಸುವವನು ಆ ಶಕ್ತಿಗೆ ತನ್ನ ಬದುಕನ್ನು ತೆರೆದಿಡುತ್ತಾನೆ, ಅಷ್ಟೆ. ಸಂತ ಯಾಕೋಬರು ತಮ್ಮ ಪತ್ರದಲ್ಲಿ ಮಳೆಗಾಗಿ ಪ್ರಾರ್ಥಿಸಿದ ಎಲೀಯ ಪ್ರವಾದಿಯ ಹೆಸರನ್ನು ಎತ್ತುವಾಗ, ಅವನು ನಮ್ಮಂಥ ಸ್ವಭಾವವುಳ್ಳ ಮನುಷ್ಯನೇ ಆಗಿದ್ದನು ಎಂದು ಮೊದಲು ನೆನಪಿಸುತ್ತಾರೆ. ವಿಶೇಷ ವರ ಪಡೆದವರ ಪ್ರಾರ್ಥನೆಗೆ ಮಾತ್ರ ಬಲವಿದೆ ಎಂದುಕೊಂಡು ಊರೂರು ತಿರುಗುವವರು ಈ ಮಾತನ್ನು ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ.

ಪ್ರಾರ್ಥನೆಯ ಶಕ್ತಿಗೆ ನನಗೆ ಬಹಳ ಹಿಡಿಸುವ ಉದಾಹರಣೆ ಪ್ರೇಷಿತರ ಕಾರ್ಯಗಳ 4ನೇ ಅಧ್ಯಾಯದಲ್ಲಿದೆ. ಪೇತ್ರ ಮತ್ತು ಯೋವಾನ್ನರನ್ನು ಅಧಿಕಾರಿಗಳು ಹಿಡಿದು, ಇನ್ನು ಯೇಸುವಿನ ಹೆಸರೆತ್ತಬಾರದೆಂದು ಬೆದರಿಸಿ ಬಿಡುತ್ತಾರೆ. ಅವರು ಬಂದು ತಿಳಿಸಿದಾಗ ಸಭೆ ಒಟ್ಟಾಗಿ ಪ್ರಾರ್ಥಿಸುತ್ತದೆ. ಬೆದರಿಕೆಯನ್ನು ನಿಲ್ಲಿಸು ಎಂದು ಅವರು ಕೇಳಲಿಲ್ಲ. ಬೆದರಿಕೆಯ ನಡುವೆಯೂ ನಿನ್ನ ವಾಕ್ಯವನ್ನು ಧೈರ್ಯದಿಂದ ಸಾರುವಂತೆ ಮಾಡು ಎಂದು ಕೇಳಿದರು, ಆ ಧೈರ್ಯವೇ ಅವರಿಗೆ ದೊರೆಯಿತು. ಪರಿಸ್ಥಿತಿ ಬದಲಾಗಲಿಲ್ಲ, ಅದನ್ನು ಎದುರಿಸುವವರು ಬದಲಾದರು. ದಿನನಿತ್ಯದ ಪ್ರಾರ್ಥನೆಯಿಂದ ನಾವು ಕಾಣುವ ಫಲವೂ ಬಹಳ ಮಟ್ಟಿಗೆ ಈ ತೆರನಾದುದು.

ದಿನಕ್ಕೆ ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ ಪ್ರಾರ್ಥಿಸಬೇಕು?

ದಾನಿಯೇಲನು ಬಾಬಿಲೋನಿನಲ್ಲಿದ್ದಾಗ ಯೆರೂಸಲೇಮಿನ ಕಡೆಗಿದ್ದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನು. ಯೇಸು ಇನ್ನೂ ಕತ್ತಲೆ ಇರುವಾಗಲೇ ಎದ್ದು ಏಕಾಂತ ಸ್ಥಳಕ್ಕೆ ಹೋಗುತ್ತಿದ್ದರೆಂದು ಮಾರ್ಕನು ಬರೆಯುತ್ತಾನೆ. ನಮ್ಮ ಇಗರ್ಜಿಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಾರಿಸುವ ಗಂಟೆಯೂ ದಿನವನ್ನು ಹೀಗೆಯೇ ಮೂರು ಕಡೆ ನಿಲ್ಲಿಸಿ ದೇವರ ಕಡೆಗೆ ತಿರುಗಿಸುತ್ತದೆ. ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದವರು ಗಂಟೆಯ ಸದ್ದಿಗೆ ತಲೆಯ ಮುಟ್ಟಾಳೆ ತೆಗೆದು ಒಂದು ಕ್ಷಣ ನಿಲ್ಲುವ ರೂಢಿ ಹಿರಿಯರಲ್ಲಿತ್ತು. ಅದು ಎರಡು ನಿಮಿಷದ ಪ್ರಾರ್ಥನೆಯೇ ಆದರೂ ದಿನದ ಮಧ್ಯದಲ್ಲಿ ಬರುವ ಕಾರಣ ಅದರ ಪರಿಣಾಮ ದೊಡ್ಡದು.

ಎಲ್ಲರಿಗೂ ಒಂದೇ ವೇಳಾಪಟ್ಟಿ ಹೊಂದುವುದಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ದಾದಿಗೆ ಬೆಳಗಿನ ಜಾವದ ಧ್ಯಾನವನ್ನು ವಿಧಿಸುವುದು ಸರಿಯಲ್ಲ. ಬೆಳಗಿನ ರೈಲಿನಲ್ಲಿ ಕಾಲೇಜಿಗೆ ಹೋಗುವ ಹುಡುಗನಿಗೆ ಆ ರೈಲೇ ಪ್ರಾರ್ಥನೆಯ ಜಾಗವಾಗಬಹುದು. ಬೀಡಿ ಕಟ್ಟುವ ತಾಯಂದಿರು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು, ಎಲೆಯೊಳಗೆ ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ ನೂಲು ಕಟ್ಟುತ್ತಿರುವಾಗಲೇ ತುಟಿ ಮಾತ್ರ ಅಲ್ಲಾಡಿಸುತ್ತಾ "ನಮೋ ಮರಿಯಾ" ಹೇಳುವುದನ್ನು ನೋಡಿದವರಿಗೆ, ಎಡೆಬಿಡದೆ ಪ್ರಾರ್ಥಿಸಿರಿ ಎಂಬ ಸಂತ ಪೌಲರ ಮಾತು ಅಸಾಧ್ಯವೆಂದು ಅನ್ನಿಸಲಾರದು. ಆ ಮಾತನ್ನು ಬರೆದ ಪೌಲರೂ ಗುಡಾರ ಹೊಲಿದು ಕೈಯಾರೆ ದುಡಿದು ಉಣ್ಣುತ್ತಿದ್ದವರು. ಆದರೆ ದುಡಿಮೆಯೇ ಪ್ರಾರ್ಥನೆ ಎಂದು ಹೇಳಿ ಪ್ರಾರ್ಥನೆಗೆಂದೇ ಮೀಸಲಾದ ಹೊತ್ತನ್ನು ಬಿಟ್ಟುಬಿಟ್ಟರೆ, ಸ್ವಲ್ಪ ಕಾಲದಲ್ಲಿ ದುಡಿಮೆ ಮಾತ್ರ ಉಳಿಯುತ್ತದೆ. ಹತ್ತೇ ನಿಮಿಷವಾದರೂ ಸರಿ, ಬೇರೆ ಯಾವ ಕೆಲಸವೂ ಇಲ್ಲದ ಹೊತ್ತೊಂದು ಇರಬೇಕು.

ಮನೆಯಲ್ಲಿ ಸಂಜೆಯ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ನಿಂತುಹೋಗಿದೆ. ಅದನ್ನು ಮತ್ತೆ ಆರಂಭಿಸುವುದು ನಿಜವಾಗಿಯೂ ಅಷ್ಟು ಮುಖ್ಯವೇ?

ಮುಖ್ಯ. ಈ ಒಂದು ಪ್ರಶ್ನೆಗೆ ನಾನು ಸುತ್ತಿ ಬಳಸಿ ಉತ್ತರ ಹೇಳಲಾರೆ.

ನಮ್ಮ ಕಡೆಯ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ತೇರ್ಸ್ ಎಂದರೆ ಜಪಮಾಲೆಯ ಐದು ರಹಸ್ಯಗಳು ಮಾತ್ರವಲ್ಲ. ಕತ್ತಲಾಗುತ್ತಿದ್ದಂತೆ ಮನೆಯ ಅಲ್ತಾರಿನ (ಪ್ರಾರ್ಥನಾ ಪೀಠದ) ಮುಂದೆ ಚಾಪೆ ಹಾಸಲಾಗುತ್ತದೆ, ಅಜ್ಜಿ ಗೋಡೆಗೆ ಒರಗಿ ಮೊದಲ ಅರ್ಧವನ್ನು ಹೇಳುತ್ತಾರೆ, ಉಳಿದವರು ಎರಡನೆಯ ಅರ್ಧದಲ್ಲಿ ಸೇರಿಕೊಳ್ಳುತ್ತಾರೆ. ಮೂರನೆಯ ರಹಸ್ಯದ ಹೊತ್ತಿಗೆ ಚಿಕ್ಕ ಮಗು ತಾಯಿಯ ತೊಡೆಯ ಮೇಲೆ ನಿದ್ದೆಹೋಗಿರುತ್ತದೆ, ಅದನ್ನು ಯಾರೂ ಎಬ್ಬಿಸುವುದಿಲ್ಲ. ಕೊನೆಗೆ ಸತ್ತವರ ಹೆಸರು, ಕಾಯಿಲೆಯವರ ಹೆಸರು, ಪರೀಕ್ಷೆ ಬರೆಯುವವರ ಹೆಸರು ಒಂದೊಂದಾಗಿ ಬರುತ್ತವೆ. ಎಲ್ಲ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್ (ಆಶೀರ್ವಾದ) ಬೇಡುತ್ತಾರೆ. ಬೆಳಿಗ್ಗೆ ಜಗಳವಾಡಿದ ಅಪ್ಪ ಮಗ ಇಬ್ಬರೂ ಆ ಹೊತ್ತಿನಲ್ಲಿ ಒಬ್ಬರ ಮುಂದೆ ಒಬ್ಬರು ನಿಲ್ಲಲೇಬೇಕಾಗುತ್ತದೆ, ಮಗ ಕೇಳಲೇಬೇಕು, ಅಪ್ಪ ಆಶೀರ್ವದಿಸಲೇಬೇಕು. ಮನೆಯೊಳಗಿನ ಮುನಿಸನ್ನು ಮರುದಿನಕ್ಕೆ ದಾಟಿಸದೆ ಕರಗಿಸುವ ಇಂಥ ಇನ್ನೊಂದು ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಇಷ್ಟಕ್ಕೆ ಹಿಡಿಯುವ ಸಮಯ ಇಪ್ಪತ್ತು ನಿಮಿಷದಷ್ಟು. ಮೊಬೈಲು, ಧಾರಾವಾಹಿ, ಟ್ಯೂಷನ್ನುಗಳ ನಡುವೆ ಅದು ಸಿಗುವುದಿಲ್ಲ ಎನ್ನುವವರು ವಾರದಲ್ಲಿ ಮೂರು ದಿನ, ಒಂದೇ ಒಂದು ರಹಸ್ಯದೊಂದಿಗೆ ಆರಂಭಿಸಲಿ. ಗಂಡ ದುಬೈಯಲ್ಲಿರುವ ಮನೆಗಳಲ್ಲಿ ರಾತ್ರಿ ಏಳೂವರೆಗೆ ವಾಟ್ಸಾಪ್ ಕರೆ ಮಾಡಿ ಫೋನನ್ನು ಅಲ್ತಾರಿನ ಬದಿಗೆ ಒರಗಿಸಿಟ್ಟು ಪ್ರಾರ್ಥಿಸುವುದುಂಟು. ಅಲ್ಲಿ ಆಗ ಸಂಜೆ ಆರು ಗಂಟೆ. ಕರೆ ಕಡಿದುಹೋಗುತ್ತದೆ, ಧ್ವನಿ ಹಿಂದೆ ಬೀಳುತ್ತದೆ, ಆದರೂ ಮಕ್ಕಳು ಅಪ್ಪನ ಬಾಯಿಂದ ಪ್ರಾರ್ಥನೆ ಕೇಳುತ್ತಾರೆ. ಅದನ್ನು ಕಡಿಮೆ ಎಂದು ಎಣಿಸಬೇಡಿ.

ಪ್ರೊಟೆಸ್ಟೆಂಟ್ ಮನೆಗಳಲ್ಲಿ ಇದೇ ಹೊತ್ತಿಗೆ ಕುಟುಂಬ ಪ್ರಾರ್ಥನೆ ನಡೆಯುತ್ತದೆ. ಬೈಬಲಿನ ಒಂದು ಭಾಗವನ್ನು ಓದಿ, ಜರ್ಮನ್ ರಾಗಕ್ಕೆ ಕೂಡಿಸಿದ ಕನ್ನಡ ಗೀತೆಯೊಂದನ್ನು ಹಾಡಿ, ಮನೆಯ ಹಿರಿಯರು ಸ್ವಂತ ಮಾತಿನಲ್ಲಿ ಪ್ರಾರ್ಥಿಸುತ್ತಾರೆ. ಕಥೋಲಿಕ ಮನೆಗಳು ಅವರಿಂದ ಬೈಬಲ್ ವಾಚನವನ್ನು ಕಲಿತುಕೊಂಡರೆ ತೇರ್ಸ್ ಇನ್ನಷ್ಟು ತುಂಬಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಬಾಯಿಪಾಠದ ಪ್ರಾರ್ಥನೆಗಳಿಗಿಂತ ಸ್ವಂತ ಮಾತಿನ ಪ್ರಾರ್ಥನೆ ಮೇಲಲ್ಲವೇ?

ಹೇಳಿದ್ದನ್ನೇ ಅರ್ಥವಿಲ್ಲದೆ ಹೇಳಿ ಮಾತು ಬೆಳೆಸಬೇಡಿರಿ ಎಂದು ಯೇಸು ಎಚ್ಚರಿಸಿದ್ದು ನಿಜ. ಆದರೆ ಗೆತ್ಸೆಮನಿ ತೋಟದಲ್ಲಿ ಅವರು ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರೆಂದು ಅದೇ ಮತ್ತಾಯನು ದಾಖಲಿಸಿದ್ದಾನೆ. 136ನೇ ಕೀರ್ತನೆಯ 26 ವಚನಗಳಲ್ಲಿ ಒಂದೊಂದೂ ದೇವರ ಪ್ರೀತಿ ಶಾಶ್ವತವೆಂಬ ಒಂದೇ ಪಲ್ಲವಿಯಿಂದ ಮುಗಿಯುತ್ತದೆ. ಶಿಲುಬೆಯ ಮೇಲೆ ಉಸಿರು ಕಟ್ಟುತ್ತಿರುವಾಗ ಯೇಸುವಿನ ಬಾಯಿಂದ ಬಂದದ್ದು ಬಾಲ್ಯದಿಂದ ಕಲಿತ 22ನೇ ಮತ್ತು 31ನೇ ಕೀರ್ತನೆಗಳ ಸಾಲುಗಳು. ತೊಂದರೆ ಇರುವುದು ಮತ್ತೆ ಮತ್ತೆ ಹೇಳುವುದರಲ್ಲಿ ಅಲ್ಲ, ಹೇಳುವಾಗ ಮನಸ್ಸು ಗೈರುಹಾಜರಾಗುವುದರಲ್ಲಿ.

ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗೆ ಕುಳಿತಿರುವವರಿಗೆ ಸ್ವಂತ ಮಾತು ಹೊರಡುವುದಿಲ್ಲ. ಆಗ ಬಾಯಿಪಾಠದ ಪ್ರಾರ್ಥನೆಯೇ ಕೈಹಿಡಿಯುತ್ತದೆ. ಹಾಗೆಂದು ಜೀವನವಿಡೀ ಬೇರೆಯವರು ಬರೆದ ಮಾತುಗಳಲ್ಲೇ ದೇವರೊಡನೆ ವ್ಯವಹರಿಸುವುದೂ ಸಾಲದು. ತೇರ್ಸ್‌ನ ಕೊನೆಯಲ್ಲಿ ಪ್ರತಿಯೊಬ್ಬರೂ, ಮಕ್ಕಳೂ ಸಹ, ತಮ್ಮದೇ ಒಂದು ವಾಕ್ಯವನ್ನು ಸೇರಿಸುವ ಅಭ್ಯಾಸ ಒಳ್ಳೆಯದು.

ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು? ನಮ್ಮ ಮಕ್ಕಳು ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಮಾತಾಡುತ್ತಾರೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಮನೆಗಳ ಭಾಷೆಯ ಲೆಕ್ಕಾಚಾರ ಇನ್ನಷ್ಟು ಜಟಿಲವಾಗಿದೆ. ಕೊಂಕಣಿಯಲ್ಲಿ ಜಪಿಸಿ, ಕನ್ನಡದಲ್ಲಿ ಓದಿ, ತುಳುವಿನಲ್ಲಿ ವ್ಯಾಪಾರ ಮಾಡಿ, ಕಚೇರಿಯ ಅರ್ಜಿಯನ್ನು ಮಲಯಾಳದಲ್ಲಿ ತುಂಬುವವರು ನಾವು. ದೇವರಿಗೆ ಇದರಿಂದ ಯಾವ ತೊಡಕೂ ಇಲ್ಲ. ಪವಿತ್ರಾತ್ಮರು ಇಳಿದುಬಂದ ಪಂಚಾಶತ್ತಮದ ದಿನ ಯೆರೂಸಲೇಮಿನಲ್ಲಿ ಕೂಡಿದ್ದ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ದೇವರ ಮಹಾಕಾರ್ಯಗಳನ್ನು ಕೇಳಿದನು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಮೊದಲು ಮಾಡಿದ ಕೆಲಸಗಳಲ್ಲಿ ಇಲ್ಲಿನ ಭಾಷೆಗಳ ಕಲಿಕೆ ಒಂದು, ಕಥೋಲಿಕ ಸಭೆಯಲ್ಲಿ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆಯೂ ಲ್ಯಾಟಿನ್ನಿನಿಂದ ಜನರ ಭಾಷೆಗೆ ಬಂದಿತು.

ಮಗು ಅಳುವಾಗ ಯಾವ ಭಾಷೆಯಲ್ಲಿ ಅಮ್ಮನನ್ನು ಕರೆಯುತ್ತದೆಯೋ ಆ ಭಾಷೆಯಲ್ಲಿ ಅದರ ಮೊದಲ ಪ್ರಾರ್ಥನೆಯನ್ನು ಕಲಿಸಿ. ಉಳಿದ ಭಾಷೆಗಳು ಆಮೇಲೆ ಬರುತ್ತವೆ.

ನಾವು ಬೇಡಿಕೊಂಡದ್ದು ಸಿಗಲಿಲ್ಲ. ದೇವರು ಕೇಳಿಸಿಕೊಳ್ಳಲಿಲ್ಲವೇ, ಅಥವಾ ನಮ್ಮ ನಂಬಿಕೆ ಸಾಲದೆ?

ಈ ಪ್ರಶ್ನೆಯನ್ನು ಕೇಳುವವರಿಗೆ ಅವಸರದ ಉತ್ತರ ಕೊಡುವುದು ಪಾಪವೆಂದೇ ನಾನು ತಿಳಿದಿದ್ದೇನೆ. ನಮ್ಮ ಜಿಲ್ಲೆಯಲ್ಲಂತೂ ಇದು ಪುಸ್ತಕದ ಪ್ರಶ್ನೆಯಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು ಎರಡು ದಶಕಕ್ಕೂ ಹೆಚ್ಚು ಕಾಲ ನಡೆದು 2000ದಲ್ಲಿ ನಿಂತಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳಲ್ಲಿ ನಡೆಯಲಾರದ, ಮಾತಾಡಲಾರದ ಮಕ್ಕಳನ್ನು ಮಡಿಲಲ್ಲಿ ಹೊತ್ತು ವಯಸ್ಸಾದ ತಾಯಂದಿರಿದ್ದಾರೆ. ಅವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಪ್ರಾರ್ಥಿಸದವರು ವಿರಳ. ನಿಮ್ಮ ನಂಬಿಕೆ ಸಾಲದು ಎಂದು ಆ ತಾಯಿಗೆ ಹೇಳಲು ಯಾರಿಗೆ ಬಾಯಿ ಬಂದೀತು?

ಬೈಬಲ್ ಹಾಗೆ ಹೇಳುವುದಿಲ್ಲ. ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಸ್ವತಃ ದೇವಪುತ್ರನೇ ಬೇಡಿಕೊಂಡರೂ ಅದು ತೊಲಗಲಿಲ್ಲ. ತನ್ನ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆದುಹಾಕು ಎಂದು ಪೌಲರು ಮೂರು ಸಲ ಕೇಳಿಕೊಂಡರು, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತೇ ಹೊರತು ಮುಳ್ಳು ಹೋಗಲಿಲ್ಲ. ಇವರಿಬ್ಬರ ನಂಬಿಕೆಯಲ್ಲಿ ಕೊರತೆ ಹುಡುಕುವ ಧೈರ್ಯ ಯಾರಿಗೂ ಇರಲಾರದು. ಸ್ವಾರ್ಥದಿಂದ ಕೇಳಿದ್ದು ಸಿಗುವುದಿಲ್ಲ ಎಂದು ಯಾಕೋಬರು ಬರೆದದ್ದುಂಟು, ಆದರೆ ಅದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಲು ಇರುವ ಮಾತು, ನೊಂದವರ ಮೇಲೆ ಎಸೆಯಲು ಇರುವುದಲ್ಲ.

ಇಂಥ ಹೊತ್ತಿನಲ್ಲಿ ಹೇಗೆ ಪ್ರಾರ್ಥಿಸಬೇಕೆಂಬುದಕ್ಕೆ ಕೀರ್ತನೆಗಳಲ್ಲಿ ದಾರಿ ಇದೆ. ಎಷ್ಟರ ತನಕ, ಪ್ರಭುವೇ, ನನ್ನನ್ನು ಮರೆತುಬಿಡುತ್ತೀ ಎಂದು 13ನೇ ಕೀರ್ತನೆ ಕೇಳುತ್ತದೆ. 88ನೇ ಕೀರ್ತನೆಯಂತೂ ಯಾವ ಸಮಾಧಾನದ ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ದೇವರ ಮೇಲೆ ದೂರುವುದನ್ನು ಕೂಡ ದೇವರ ಮುಂದೆಯೇ ಮಾಡಬಹುದೆಂದು ಪವಿತ್ರ ಗ್ರಂಥವೇ ಅನುಮತಿ ಕೊಟ್ಟಿದೆ. ಮಾತೇ ಬಾರದಿದ್ದರೆ, ಪವಿತ್ರಾತ್ಮರು ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬಿನ್ನವಿಸುತ್ತಾರೆಂದು ರೋಮಿನವರಿಗೆ ಬರೆದ ಪತ್ರದ 8ನೇ ಅಧ್ಯಾಯ ಭರವಸೆ ಕೊಡುತ್ತದೆ.

ಇನ್ನೊಂದು ಮಾತು. ಲೂಕನ 18ನೇ ಅಧ್ಯಾಯದಲ್ಲಿ, ಬೇಸರಗೊಳ್ಳದೆ ಪ್ರಾರ್ಥಿಸಬೇಕೆಂಬುದಕ್ಕೆ ಯೇಸು ಹೇಳುವ ಸಾಮತಿಯ (ದೃಷ್ಟಾಂತ ಕಥೆಯ) ನಾಯಕಿ, ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ನನಗೆ ನ್ಯಾಯ ದೊರಕಿಸಿಕೊಡು ಎಂದು ಪೀಡಿಸುವ ವಿಧವೆ. ಕಾಸರಗೋಡಿನ ಎಂಡೋಸಲ್ಫಾನ್ ಸಂತ್ರಸ್ತರು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಮಕ್ಕಳನ್ನು ಎತ್ತಿಕೊಂಡು ಕುಳಿತದ್ದು, 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಾದ್ಯಂತ ತಡೆದದ್ದು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು ಇವೆಲ್ಲ ಪ್ರಾರ್ಥನೆಗೆ ಹೊರಗಿನ ಸಂಗತಿಗಳೆಂದು ನಾನು ಭಾವಿಸುವುದಿಲ್ಲ. ನಿನ್ನ ರಾಜ್ಯ ಬರಲಿ ಎಂದು ದಿನವೂ ಹೇಳುವವರು ಅರ್ಜಿ ಬರೆದುಕೊಡಲು, ಆ ಮನೆಯವರ ಜೊತೆ ಕಚೇರಿಗೆ ಹೋಗಲು, ಒಂದು ದಿನ ಆ ಮಗುವನ್ನು ನೋಡಿಕೊಂಡು ತಾಯಿಗೆ ವಿರಾಮ ಕೊಡಲು ಹಿಂಜರಿದರೆ ಆ ಪ್ರಾರ್ಥನೆ ಅರ್ಧಕ್ಕೆ ನಿಂತಂತೆ.

ಹರಕೆ ಹೊತ್ತುಕೊಳ್ಳಬಹುದೇ?

ತುಳುನಾಡಿನಲ್ಲಿ ಹರಕೆಯಿಲ್ಲದ ಮನೆಯಿಲ್ಲ. ಕ್ರೈಸ್ತರೂ ಮಗುವಿಗೆ ಗುಣವಾದರೆ ಇಷ್ಟು ಮೇಣದಬತ್ತಿ, ವೀಸಾ ಸಿಕ್ಕಿದರೆ ನೊವೆನಾ (ಒಂಬತ್ತು ದಿನಗಳ ಪ್ರಾರ್ಥನೆ) ಎಂದು ಹೇಳಿಕೊಳ್ಳುತ್ತಾರೆ. ಹರಕೆ ಬೈಬಲಿನಲ್ಲಿಯೂ ಇದೆ. ಮಕ್ಕಳಿಲ್ಲದ ಹನ್ನಾ, ನನಗೆ ಗಂಡುಮಗುವನ್ನು ಕೊಟ್ಟರೆ ಅವನನ್ನು ನಿನಗೇ ಒಪ್ಪಿಸುತ್ತೇನೆ ಎಂದು ಹರಸಿಕೊಂಡಳು, ಸಮುವೇಲನು ಹುಟ್ಟಿದ ಮೇಲೆ ಕೊಟ್ಟ ಮಾತಿನಂತೆ ನಡೆದಳು. ಅದೇ ಬೈಬಲಿನಲ್ಲಿ, ಯುದ್ಧ ಗೆದ್ದರೆ ಮನೆಯಿಂದ ಮೊದಲು ಹೊರಬರುವುದನ್ನು ಬಲಿಕೊಡುತ್ತೇನೆಂದು ಹಿಂದುಮುಂದು ನೋಡದೆ ಹರಸಿಕೊಂಡ ಯೆಪ್ತಾಹನ ಮುಂದೆ ಅವನ ಒಬ್ಬಳೇ ಮಗಳು ಬಂದು ನಿಂತ ದಾರುಣ ಕಥೆಯೂ ಇದೆ.

ಇವೆರಡರ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಹನ್ನಾಳು ಹರಕೆಗೆ ಮೊದಲು ತನ್ನ ಹೃದಯವನ್ನು ದೇವರ ಮುಂದೆ ಸುರಿದಳು. ಯಾಜಕ ಏಲಿಯ ಆಶೀರ್ವಾದ ಕೇಳಿ ಎದ್ದಾಗ ಅವಳ ಮುಖದಲ್ಲಿ ದುಃಖವಿರಲಿಲ್ಲ, ಮಗು ಆಗ ಇನ್ನೂ ಬಂದಿರಲಿಲ್ಲ. ದೇವರೊಡನೆ ಚೌಕಾಸಿಗೆ ಇಳಿದ ಹರಕೆಯಲ್ಲಿ ಈ ನೆಮ್ಮದಿ ಇರುವುದಿಲ್ಲ, ಭಯ ಇರುತ್ತದೆ: ಸಲ್ಲಿಸದಿದ್ದರೆ ಏನಾದೀತೋ ಎಂಬ ಭಯ. ಹರಕೆ ಮರೆತದ್ದರಿಂದ ಮನೆಗೆ ಕೇಡು ಬಂತೆಂದು ಕಳವಳಪಡುವವರು ಪಾಪನಿವೇದನೆಯ ಸಮಯದಲ್ಲಿ ಧರ್ಮಗುರುಗಳಿಗೆ ತಿಳಿಸಿದರೆ, ಸಲ್ಲಿಸಲಾಗದ ಹರಕೆಯನ್ನು ಬೇರೊಂದು ಸತ್ಕಾರ್ಯವಾಗಿ ಬದಲಿಸಿಕೊಳ್ಳುವ ದಾರಿಯನ್ನು ಅವರು ತೋರಿಸಿಕೊಡುತ್ತಾರೆ. ಮೇಣದಬತ್ತಿಯ ಹರಕೆಗಿಂತ, ಒಬ್ಬ ಬಡ ವಿದ್ಯಾರ್ಥಿಯ ಬಸ್ ಪಾಸಿನ ಹರಕೆ ನಮ್ಮಲ್ಲಿ ಹೆಚ್ಚಾಗಲಿ ಎಂದು ನನ್ನ ಆಸೆ.

ಕಾಯಿಲೆ ಬಂದಾಗ ಪ್ರಾರ್ಥನೆ ಸಾಕೇ? ಔಷಧಿ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದಾಗುವುದೇ?

ಖಂಡಿತ ಆಗುವುದಿಲ್ಲ. ಶುಭಸಂದೇಶವನ್ನು ಬರೆದ ಲೂಕನನ್ನು ಪೌಲರು ಪ್ರಿಯ ವೈದ್ಯನೆಂದು ಕರೆಯುತ್ತಾರೆ. ಕಥೋಲಿಕ ಬೈಬಲಿನ ಸಿರಾಕನ ಗ್ರಂಥದ 38ನೇ ಅಧ್ಯಾಯ ಒಂದೇ ಉಸಿರಿನಲ್ಲಿ, ಕಾಯಿಲೆ ಬಂದಾಗ ದೇವರಿಗೆ ಪ್ರಾರ್ಥಿಸು, ವೈದ್ಯನಿಗೂ ಅವಕಾಶ ಕೊಡು, ಔಷಧಿಯನ್ನು ಭೂಮಿಯಿಂದ ಬರಮಾಡಿದವನು ದೇವರೇ ಎಂದು ಹೇಳುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ, ಮನೋರೋಗದ ಮಾತ್ರೆ ಇವುಗಳಲ್ಲಿ ಯಾವುದನ್ನೂ ಪ್ರಾರ್ಥನಾಕೂಟದಲ್ಲಿ ಯಾರೋ ಹೇಳಿದರೆಂದು ನಿಲ್ಲಿಸಬಾರದು. ಖಿನ್ನತೆಯಿಂದ ಬಳಲುವವರಿಗೆ ಇನ್ನಷ್ಟು ಪ್ರಾರ್ಥಿಸು ಎಂದಷ್ಟೇ ಹೇಳಿ ಕಳುಹಿಸುವುದು ದೊಡ್ಡ ಅನ್ಯಾಯ. ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಜೊತೆಯಲ್ಲಿ ಪ್ರಾರ್ಥಿಸಿ.

ಪ್ರಾರ್ಥನೆಯ ಪಾಲು ಇಲ್ಲಿ ಏನು ಎಂದು ಕೇಳುವವರು 2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಬಹುದು. ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡರು, ಕೆಲವರು ಜೀವ ಕಳೆದುಕೊಂಡರು. ಇಗರ್ಜಿಯೂ ಮುಚ್ಚಿತ್ತು, ಸಾವಿನ ಮನೆಗೂ ಹೋಗುವಂತಿರಲಿಲ್ಲ. ಆಗ ಫೋನಿನಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ಪ್ರಾರ್ಥಿಸಿದ್ದು ಔಷಧಿಯ ಕೆಲಸ ಮಾಡಲಿಲ್ಲ, ಆದರೆ ರೋಗಿಯ ಮನೆಯವರು ಒಂಟಿಯಾಗಲಿಲ್ಲ. ನಿಮ್ಮಲ್ಲಿ ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ ಎಂದು ಯಾಕೋಬರು ಹೇಳುವುದರ ತಿರುಳೂ ಇದೇ: ರೋಗಿಯನ್ನು ಸಭೆ ಹುಡುಕಿಕೊಂಡು ಹೋಗಬೇಕು.

ಪ್ರಾರ್ಥಿಸಲು ಕುಳಿತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಏನೂ ಅನ್ನಿಸುವುದಿಲ್ಲ. ಮುಂದುವರಿಸುವುದರಲ್ಲಿ ಅರ್ಥವಿದೆಯೇ?

ನಮ್ಮ ಕಡೆ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರಿಗಾಗಿ ಸುರಂಗ ತೋಡುವವರನ್ನು ಕೇಳಿ ನೋಡಿ. ಬಗ್ಗಿಕೊಂಡು, ಮಂದ ಬೆಳಕಿನಲ್ಲಿ, ಒಣ ಕಲ್ಲನ್ನೇ ಎಷ್ಟೋ ದಿನ ಅಗೆದ ಮೇಲೆ ಗೋಡೆಯಲ್ಲಿ ಪಸೆ ಕಾಣುತ್ತದೆ. ನೀರು ಅವರು ತಯಾರಿಸಿದ್ದಲ್ಲ, ಗುಡ್ಡದ ಒಳಗೆ ಮೊದಲೇ ಇದ್ದದ್ದು. ಆದರೆ ಒಣ ಭಾಗವನ್ನು ದಾಟದೆ ಅಲ್ಲಿಗೆ ದಾರಿಯಿಲ್ಲ.

ಮನಸ್ಸು ಓಡಿದರೆ ಅದನ್ನು ಬೈಯದೆ ಹಿಂದಕ್ಕೆ ಕರೆತನ್ನಿ. ಮನಸ್ಸು ಓಡಿದ ಕಡೆಯಲ್ಲಿ ಬ್ಯಾಂಕಿನ ಸಾಲವಿದ್ದರೆ ಆ ಸಾಲವನ್ನೇ ಪ್ರಾರ್ಥನೆಯ ವಿಷಯವಾಗಿ ಮಾಡಿಕೊಳ್ಳಿ. ಬಹಳ ಸಂತರು ವರ್ಷಗಟ್ಟಲೆ ಇಂಥ ಒಣಗಾಲವನ್ನು ಹಾದುಹೋಗಿದ್ದಾರೆ. ಕೋಲ್ಕತ್ತದ ಸಂತ ತೆರೇಸಾ ಅವರೂ ಅಂಥವರಲ್ಲಿ ಒಬ್ಬರೆಂಬುದು ಅವರು ತೀರಿಕೊಂಡ ನಂತರ ಬೆಳಕಿಗೆ ಬಂದ ಪತ್ರಗಳಿಂದ ಜಗತ್ತಿಗೆ ತಿಳಿಯಿತು. ಅವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಬೀದಿಯಲ್ಲಿ ಬಿದ್ದವರನ್ನೂ ಬಿಡಲಿಲ್ಲ.

ಅಣ್ಣತಮ್ಮಂದಿರೊಳಗೆ ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದೆ. ನಮ್ಮ ಪ್ರಾರ್ಥನೆಗೆ ಇದರಿಂದ ಅಡ್ಡಿಯೇ?

ಅಡ್ಡಿಯೆಂದೇ ಯೇಸು ಹೇಳುತ್ತಾರೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಅಲ್ಲೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗು, ಆಮೇಲೆ ಬಂದು ಅರ್ಪಿಸು ಎಂಬುದು ಮತ್ತಾಯನ 5ನೇ ಅಧ್ಯಾಯದಲ್ಲಿರುವ ಅವರ ಆಜ್ಞೆ. ಅವರು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಮಾಡುವ ಕೆಲಸವೆಂದು ಬರುವುದು ಒಂದೇ: ನಮಗೆ ತಪ್ಪುಮಾಡಿದವರನ್ನು ಕ್ಷಮಿಸುವುದು. ತೋಟದ ತೋಡಿನ ನೀರಿಗಾಗಿ, ಗಡಿಯಲ್ಲಿ ನಿಂತ ಒಂದು ಹಲಸಿನ ಮರಕ್ಕಾಗಿ ಎರಡು ತಲೆಮಾರು ಮಾತು ಬಿಟ್ಟ ಮನೆಗಳು ಭಾನುವಾರ ಒಂದೇ ಇಗರ್ಜಿಯ ಎರಡು ಬದಿಯ ಬೆಂಚುಗಳಲ್ಲಿ ಕುಳಿತಿರುತ್ತವೆ. ಕ್ಷಮಿಸುವುದೆಂದರೆ ನ್ಯಾಯವಾದ ಪಾಲನ್ನು ಬಿಟ್ಟುಕೊಡುವುದೆಂದಲ್ಲ. ದಾವೆ ನ್ಯಾಯಾಲಯದಲ್ಲಿ ನಡೆಯುತ್ತಿದ್ದರೂ ಅಣ್ಣನ ಮಗಳ ಮದುವೆಗೆ ಹೋಗಬಹುದು. ತಮ್ಮನ ಹೆಸರನ್ನು ದಿನಕ್ಕೊಮ್ಮೆ ಪ್ರಾರ್ಥನೆಯಲ್ಲಿ, ಒಳ್ಳೆಯದನ್ನೇ ಬೇಡಿ ಹೇಳಲು ತೊಡಗಿ. ಹೀಗೆ ಹೆಸರೆತ್ತಿ ಪ್ರಾರ್ಥಿಸುತ್ತಿರುವವನ ಮೇಲೆ ಹಗೆಯನ್ನು ಉಳಿಸಿಕೊಳ್ಳುವುದು ಕಷ್ಟ.

ಸಂತರ ಬಿನ್ನಹ, ಸತ್ತವರಿಗಾಗಿ ಪ್ರಾರ್ಥನೆ: ಸಭೆಗಳ ನಡುವೆ ಈ ಭೇದವೇಕೆ?

ಕಥೋಲಿಕರು ಮಾತೆ ಮರಿಯಮ್ಮನವರನ್ನೂ ಸಂತರನ್ನೂ ತಮಗಾಗಿ ಪ್ರಾರ್ಥಿಸುವಂತೆ ಕೇಳಿಕೊಳ್ಳುತ್ತಾರೆ, ನವೆಂಬರ್ 2ರಂದು ಸಿಮಿತ್ರಿಗೆ (ಸಮಾಧಿ ಸ್ಥಳಕ್ಕೆ) ಹೋಗಿ ಅಗಲಿದವರಿಗಾಗಿ ಪ್ರಾರ್ಥಿಸುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳು ಇದನ್ನು ಒಪ್ಪುವುದಿಲ್ಲ. ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಕ್ರಿಸ್ತ ಯೇಸು ಒಬ್ಬರೇ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ಮಿಶ್ರ ವಿವಾಹದ ಮನೆಗಳಲ್ಲಿ ಈ ಚರ್ಚೆಯಿಂದ ಪ್ರಾರ್ಥನೆಯೇ ನಿಂತುಹೋಗದಂತೆ, ಪ್ರಭು ಕಲಿಸಿದ ಪ್ರಾರ್ಥನೆ ಮತ್ತು ಕೀರ್ತನೆಗಳನ್ನು ಒಟ್ಟಾಗಿ ಹೇಳಿಕೊಳ್ಳಬಹುದು.

ನೆರೆಮನೆಯ ಹಿಂದೂ ಅಥವಾ ಮುಸ್ಲಿಂ ಗೆಳೆಯರು ತಮಗಾಗಿ ಪ್ರಾರ್ಥಿಸಿ ಎಂದು ಕೇಳಿದರೆ?

ಸಂತೋಷದಿಂದ ಪ್ರಾರ್ಥಿಸಿ, ಹೆಸರು ಹೇಳಿ ಪ್ರಾರ್ಥಿಸಿ, ಆಮೇಲೆ ಹೇಗಿದ್ದಾರೆಂದು ವಿಚಾರಿಸಿ. ಅವರ ಕಷ್ಟವನ್ನು ಮತಾಂತರದ ಅವಕಾಶವೆಂದು ಎಣಿಸುವುದು ಅವರ ವಿಶ್ವಾಸಕ್ಕೆ ಮಾಡುವ ದ್ರೋಹ. ಯೆಹೂದ್ಯನಲ್ಲದ ರೋಮನ್ ಶತಾಧಿಪತಿಯ ಸೇವಕನನ್ನು ಗುಣಪಡಿಸುವಾಗ ಯೇಸು ಅವನ ಮುಂದೆ ಯಾವ ಷರತ್ತನ್ನೂ ಇಡಲಿಲ್ಲ.

ಬರೀ ಬೇಡುವುದೇ ಆಗುತ್ತಿದೆ. ಕೃತಜ್ಞತೆಯನ್ನು ಕಲಿಯುವುದು ಹೇಗೆ?

ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮರಿಯಮ್ಮನವರ ಜನನದ ಮತ್ತು ಹೊಸ ತೆನೆಯ ಹಬ್ಬ, ಇದಕ್ಕೆಂದೇ ಇದೆ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಒಯ್ಯುತ್ತಾರೆ, ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ಕಾಳುಗಳನ್ನು ಸೇರಿಸಿದ ಊಟವನ್ನು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಗದ್ದೆಗಳು ಅಡಿಕೆ ತೋಟಗಳಾಗಿ, ರಬ್ಬರ್ ತೋಟಗಳಾಗಿ ಹೋದ ಮೇಲೂ ಈ ಪದ್ಧತಿ ಉಳಿದಿದೆ. ವರ್ಷಕ್ಕೊಮ್ಮೆ ಮಾಡುವುದನ್ನು ದಿನಕ್ಕೊಮ್ಮೆ ಮಾಡಲು ದೊಡ್ಡ ಸಿದ್ಧತೆ ಬೇಡ. ರಾತ್ರಿ ಊಟಕ್ಕೆ ಮೊದಲು ಪ್ರತಿಯೊಬ್ಬರೂ ಅಂದಿನ ದಿನ ದೇವರಿಂದ ಬಂದ ಒಂದು ಒಳಿತನ್ನು ಹೇಳಲಿ. ಗುಣವಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ, ಅವನೂ ಹೊರನಾಡಿನ ಸಮಾರಿಯದವನು ಎಂಬುದನ್ನು ಮಕ್ಕಳಿಗೆ ಆ ಹೊತ್ತಿನಲ್ಲಿ ಓದಿ ಹೇಳಬಹುದು.

ನಾನು ಪ್ರಾರ್ಥಿಸುವುದನ್ನು ಬಿಟ್ಟು ವರ್ಷಗಳೇ ಆಗಿವೆ. ಮತ್ತೆ ಎಲ್ಲಿಂದ ತೊಡಗಲಿ?

ಬಿಟ್ಟುಹೋದ ವರ್ಷಗಳ ಲೆಕ್ಕ ತೀರಿಸಬೇಕೆಂದು ಯೋಚಿಸಬೇಡಿ. ದೇವಾಲಯದಲ್ಲಿ ದೂರ ನಿಂತು, ಕಣ್ಣೆತ್ತಿಯೂ ನೋಡಲಾರದೆ, ದೇವರೇ ಪಾಪಿಯಾದ ನನ್ನನ್ನು ಕರುಣಿಸು ಎಂದ ಸುಂಕದವನ ಪ್ರಾರ್ಥನೆ ಒಂದೇ ಸಾಲಿನದು, ಅವನು ನೀತಿವಂತನಾಗಿ ಮನೆಗೆ ಹೋದನೆಂದು ಯೇಸುವೇ ಹೇಳಿದ್ದಾರೆ. ಆ ಒಂದು ಸಾಲಿನಿಂದ ತೊಡಗಿ. ಮೊದಲ ವಾರ ಬೆಳಿಗ್ಗೆ ಎದ್ದ ಕೂಡಲೇ, ಫೋನನ್ನು ಕೈಗೆತ್ತಿಕೊಳ್ಳುವುದಕ್ಕೆ 'ಮೊದಲು', ಶಿಲುಬೆಯ ಗುರುತು ಹಾಕಿ ಪ್ರಭು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ. ಎರಡನೆಯ ವಾರದಿಂದ ರಾತ್ರಿಗೆ ಒಂದು ಕೀರ್ತನೆಯನ್ನು ಸೇರಿಸಿ. 13, 23, 27, 51, 63, 121, 130 ಈ ಏಳು ಕೀರ್ತನೆಗಳನ್ನು ವಾರದ ಏಳು ದಿನಕ್ಕೆ ಹಂಚಿಕೊಳ್ಳಬಹುದು, ಓದುವಾಗ ದನಿಯೆತ್ತಿ ಓದುವುದು ಒಳ್ಳೆಯದು. ಪಾಪನಿವೇದನೆಗೆ ಹೋಗಲು ಸಂಕೋಚವಾದರೆ ನಿಮ್ಮನ್ನು ಯಾರೂ ಗುರುತಿಸದ ಬೇರೆ ಧರ್ಮಕೇಂದ್ರಕ್ಕೆ ಹೋಗಬಹುದು, ಅದರಲ್ಲಿ ತಪ್ಪೇನೂ ಇಲ್ಲ. ವಾಳೆಯ ಗುರಿಕಾರರಿಗೆ (ಮುಖ್ಯಸ್ಥರಿಗೆ) ಹೇಳಿದರೆ ಪ್ರಾರ್ಥನಾಕೂಟ ಮುಂದೆ ಯಾರ ಮನೆಯಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ತಿಳಿಸುತ್ತಾರೆ. ಅಲ್ಲಿ ಮೊದಲ ಕೆಲವು ಸಲ ಸುಮ್ಮನೆ ಕುಳಿತು ಕೇಳಿದರೂ ಸಾಕು.